ಒತ್ತಕ್ಷರಕ್ಕ ಅರ್ಧ

ಅಕ್ಷರಕ್ಕ ಎಂಟಾಣೆ ಇತ್ತು ಆವಾಗ.
ಒತ್ತಿಗೆ ನಾಕಾಣೆ. ಸೊನ್ನಿ ಪುಕ್ಕಟ.
ಹಿಂಗಂತ ಠರಾವು ಮಾಡಿದವ್ರು
ಸೂಗಪ್ಪ ಭಂಕೂರ ಸಾವ್ಕಾರ್ರು,
ಶಹಾಬಾದದ ನನ್ನ ತಗಡಿನ ಶೆಡ್ಡಿನ್ಯಾಗ
ಮೊಳಕಾಲ ಮ್ಯಾಗ ಟೋಪಿ ಇಟ್ಟುಕೊಂಡು ಕುಂತು.
ಹೆಣ್ಮಕ್ಕಳ ಸಾಲಿಗೆ ಲಕ್ಷ ರೂಪಾಯಿ ಎಣಿಸಿಕೊಟ್ಟ ಕೈ
ನನ್ನ ನಾಕಾಣೆ ಸಲುವಾಗಿ ಒಂದು ತಾಸು ಜಗ್ಗಾಡತಿತ್ತು.
ಚಾ ಮಾತ್ರ ಅವರೇ ತರಸತಿದ್ರು.

ಅವರಪ್ಪಂದು ಹನ್ನೊಂದು ಖಣಿ.
ಇಪ್ಪತ್ತೆರಡಕ್ಕ ಹೈದರಾಬಾದಿಂದ ಬಂದು ಗಾದಿ ಮ್ಯಾಗ ಕುಂತಾಗ
ಫರಸಿ ಎಷ್ಟು ಇಂಚು ದಪ್ಪ ಇರತದ ಅಂತ ಗೊತ್ತಿದ್ದಿಲ್ಲಂತ.
ಹತ್ತು ವರ್ಷದಾಗ ಸೊಲ್ಲಾಪುರ, ಪುಣೆ, ನಾಗಪುರ,
ಯಾರ ಪಡಸಾಲಿ ಹೊಕ್ಕರೂ ಕಾಲ ಬುಡಕ ಭಂಕೂರರ ಕಲ್ಲು.
ಗೂಡ್ಸ್ ಗಾಡಿಯ ಡಬ್ಬಿ ಎಣಿಸೂದು ಬಿಟ್ಟಿದ್ವಿ ನಾವು.

ಮೂವತ್ತೇಳು ಕಡಿ ಆ ಹೆಸರು ಕೆತ್ತೀನಿ.
ಠೇಸನ್ನಿನ ನೀರಿನ ಟಾಕಿ. ಕಣ್ಣಿನ ದವಾಖಾನಿ.
ಖಬರಸ್ತಾನದ ಗ್ವಾಡಿಗೂ ಕೊಟ್ರು. ಅಲ್ಲಿ ಹೆಸರು ಬ್ಯಾಡ ಅಂದ್ರು.
ಒಂದು ವಾರ ಬಿಟ್ಟು ಹೇಳಿಕಳಿಸಿದ್ರು:
ಇರಲಿ, ಸಣ್ಣದಾಗಿ.

ಎಪ್ಪತ್ತು ದಾಟಿದ ಮ್ಯಾಲ ಒಂದು ಸಂಜಿ
ಡ್ರೈವರ್ ಇಲ್ಲದ ನಡಕೋತ ಬಂದ್ರು.
ಬಗಲಾಗ ಅಪ್ಪನ ಕಾಲದ ಕೆಂಪು ವಹಿ.
‘ಮೋಡಿ ಲಿಪಿ, ಖಾಸೀಮ. ಐವತ್ತು ದೀಪಾವಳಿ
ಅರಿಶಿಣ ಕುಂಕುಮ ಹಚ್ಚೀನಿ ಇದಕ್ಕ, ಓದಿದ್ದಿಲ್ಲ.
ಮೊನ್ನಿ ಆಳಂದದ ಮುದುಕ ಮಾಸ್ತರು ಓದಿದ್ರು.’
ಸುರಂಗದ ಮದ್ದು, ಎತ್ತಿನ ಹಿಂಡಿ, ಸೀಮಿಎಣ್ಣಿ,
ಅವುಗಳ ನಡಕ, ಅದೇ ಶಾಯಿ, ಅದೇ ಓರೆ ಕೈ:
ಯಂಕೋಬ, ಹೆಣಕ್ಕ ಕಟಗಿ, ಏಳು ರೂಪಾಯಿ.
ಈರಮ್ಮ ಮತ್ತ ಕೂಸು, ಐದು.
ಲಾಡ್ಲೇಸಾಬ, ಕಫನದ ಬಟ್ಟಿ, ಆರು ರೂಪಾಯಿ ಎರಡಾಣೆ.

ಒಟ್ಟು ಹತ್ತೊಂಬತ್ತು ಮಂದಿ.
ಬೆರಳು ಅಲ್ಲೇ ಇಟ್ಟು ನನ್ನ ಮಾರಿ ನೋಡಲಿಲ್ಲ ಅವ್ರು.
ಗೊತ್ತಿತ್ತೇನೋ, ಇರಲಿಲ್ಲೇನೋ.
‘ಡಯಾಲಿಸಿಸ್ ಕೋಣಿದು ಹೊಸ ಕಲ್ಲು ಅದಲ್ಲ,
ಅದರಾಗ ಇವನ್ನೂ ಕೆತ್ತು.’
‘ನಿಮ್ಮ ಹೆಸರಿನ ಮ್ಯಾಗೋ, ಕೆಳಗೋ?’
‘ಹಿಂದ,’ ಅಂದ್ರು. ‘ಗ್ವಾಡಿ ಕಡಿ.’

ಅಷ್ಟೊತ್ತಿಗೆ ಅಕ್ಷರಕ್ಕ ಹದಿನೈದು ಆಗಿತ್ತು.
ಹದಿನೆಂಟು ಹೆಸರಿಗೆ ಅದೇ ರೇಟು ಹೇಳಿದೆ.
ಒಂದಕ್ಕ ಎರಡು ಪಟ್ಟು, ಒತ್ತಿಗೂ ಪೂರಾ.
ಕೊಟ್ಟರು. ಅಲ್ಲೇ, ಆಗಲೇ.
ಅದಕ್ಕೇ ನನಗ ಸಿಟ್ಟು ಬಂತು ನೋಡ್ರಿ.
ಎಂದಿನಂಗ ಒಂದು ತಾಸು ಜಗ್ಗಾಡಿದ್ದರ
ಅಷ್ಟು ಹೊತ್ತರ ನಮ್ಮ ನಡಕ
ಅಪ್ಪ ಕುಂತಿರತಿದ್ದ.

ಮೇಸ್ತ್ರಿ ಸಿಮೆಂಟ ಹಚ್ಚಿ ಕಲ್ಲು ಕೂಡಿಸಿದ.
ಉಳಿದ ಸಿಮೆಂಟ ಬಕೀಟಿನ್ಯಾಗ ಗಟ್ಟಿ ಆತು.
ಹೋದ ವರ್ಷ ಸಾವ್ಕಾರ್ರು ಹೋದ್ರು. ಪೇಟಿ ಬಂದಿತ್ತು.
ಖಣಿಗಳಾಗ ಈಗ ಹಸರು ನೀರು,
ಹುಡುಗರು ಮ್ಯಾಲಿಂದ ಜಿಗಿತಾವ.

ವಾರಕ್ಕ ಮೂರು ಸರ್ತಿ ಕಲಬುರಗಿಗೆ ಬಸ್ಸು ನಂದೀಗ,
ಅದೇ ಕೋಣಿ, ಕಿಡಕಿ ಕಡಿ ಮಂಚ.
ರೊಕ್ಕ ತಗೊಳ್ಳಂಗಿಲ್ಲ ಅಲ್ಲಿ ಯಾರ ಹಂತ್ಯಾಕೂ.
ನನ್ನ ರಗತ ನಳಿಗಿಯಾಗ ಹೋಗಿ ಬರೂತನಕ
ಬಾಗಿಲ ಬಾಜೂಕ ಮೂರಕ್ಷರ, ಒಂದು ಒತ್ತು ನೋಡಿಕೋತ ಮಲಗತೀನಿ.
ಆ ಪ ಸ್ವಲ್ಪ ಸೊಟ್ಟ ಬಂದದ. ಕಣ್ಣು ಮಂಜು ಇತ್ತು.
ಚಲೋ ಮನಷ್ಯಾನೋ ಅಲ್ಲೋ, ನನ್ನ ಕೇಳಬ್ಯಾಡ್ರಿ.
ಉಳಿ ಹಿಡದವ ಆಳ ನೋಡತಾನ, ಅಷ್ಟೇ.

ಮೊದಲ ದಿನ ನರ್ಸ್ ಹುಡುಗಿ ಫಾರಂ ತುಂಬತಿದ್ಳು.
ಹೆಸರು? ಖಾಸೀಮಸಾಬ.
ತಂದಿ ಹೆಸರು?
ಹೇಳಿದೆ. ‘ಲಾಡೇಸಾಬ’ ಅಂತ ಬರದಳು.
ಒತ್ತು ಬಿಡಬ್ಯಾಡವ್ವಾ, ಅಂದೆ,
ಅದರ ರೊಕ್ಕ ಮುಟ್ಯಾದ.